ಬೆಲ್ಲು, ರೈಲು ಮತ್ತು ಮಗಳ ಡಿಕ್ಟೇಶನ್

ಪ್ರಶ್ನೆ: ನಾವು ಕುಮಟಾದವರು. ಮಗಳು ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಅಜ್ಜಿಯ ಜೊತೆ ಕೊಂಕಣಿ. ಪ್ರತಿ ಶನಿವಾರ ಹತ್ತು ಶಬ್ದಗಳ ಡಿಕ್ಟೇಶನ್ ಇರುತ್ತದೆ. ಶುಕ್ರವಾರ ರಾತ್ರಿ ಒಂದೊಂದನ್ನೂ ಹತ್ತು ಸಲ ಬರೆಸುತ್ತೇನೆ. ಮರುದಿನ ಎಂಟೋ ಒಂಬತ್ತೋ ಸರಿ ಬರುತ್ತವೆ. ಮುಂದಿನ ವಾರ ಅವೇ ಶಬ್ದ ಕೇಳಿದರೆ ಎಲ್ಲಾ ಮಾಯ. ಬ್ಯಾಕ್‌ಗೆ ಬಿ-ಎ-ಕೆ, ಕೇಕ್‌ಗೆ ಸಿ-ಎ-ಕೆ, ರನ್ನಿಂಗ್‌ಗೆ ಒಂದೇ ಎನ್, ಸೆಡ್‌ಗೆ ಎಸ್-ಇ-ಡಿ ಬರೆಯುತ್ತಾಳೆ. ಸ್ಪೆಲ್ಲಿಂಗಿಗೆ ರೂಲ್ಸ್ ಇವೆ ಅನ್ನುತ್ತಾರೆ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಯಾರೂ ಅದನ್ನು ಹೇಳಿಕೊಟ್ಟಿಲ್ಲ, ನನ್ನ ಉಚ್ಚಾರವೂ ಅಷ್ಟಕ್ಕಷ್ಟೇ. ಮನೆಯಲ್ಲಿ ಹೇಗೆ ಅಭ್ಯಾಸ ಮಾಡಿಸಲಿ? ಇನ್ನೊಂದು ವಿಷಯ: ಯೂಟ್ಯೂಬಿನ ವಿಡಿಯೋದಲ್ಲಿ ಕಲರ್‌ಗೆ ಯು ಇಲ್ಲ, ಶಾಲೆಯ ಪುಸ್ತಕದಲ್ಲಿ ಇದೆ. ಯಾವುದು ಸರಿ?

ಉತ್ತರ: ನಿಮ್ಮ ಮಗಳ ತಪ್ಪುಗಳನ್ನು ನೋಡಿ ನನಗೆ ಖುಷಿಯಾಯಿತು. ತಮಾಷೆಗೆ ಹೇಳುತ್ತಿಲ್ಲ. ಬ್ಯಾಕ್‌ಗೆ ಬಿ-ಎ-ಕೆ ಬರೆದವಳು ಮೂರೂ ಧ್ವನಿಗಳನ್ನು ಸರಿಯಾಗಿ ಕೇಳಿಸಿಕೊಂಡಿದ್ದಾಳೆ, ಕ್ರಮವಾಗಿ ಇಟ್ಟಿದ್ದಾಳೆ. ಎಸ್-ಇ-ಡಿ ಅಂತೂ ಅವಳ ತಪ್ಪಲ್ಲ, ಇಂಗ್ಲಿಷಿನದ್ದು. ಕಿವಿ ಚೆನ್ನಾಗಿದೆ. ಒಂದೇ ಧ್ವನಿಯನ್ನು ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯುತ್ತಾರೆ, ಎಲ್ಲಿ ಯಾವುದು ಅನ್ನುವುದಕ್ಕೆ ಲೆಕ್ಕ ಇದೆ ಅನ್ನುವುದಷ್ಟೇ ಅವಳಿಗೆ ಇನ್ನೂ ಗೊತ್ತಿಲ್ಲ. ಆ ಲೆಕ್ಕದ ಅರ್ಧಭಾಗ ಅವಳ ಕನ್ನಡದಲ್ಲೇ ಇದೆ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಹತ್ತು ಸಲ ಬರೆಸುವುದನ್ನು ನಿಲ್ಲಿಸಿ. ಅವಳು ಬರೆಯುವಾಗ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಮೂರನೇ ಸಾಲಿನ ಹೊತ್ತಿಗೆ ಮಕ್ಕಳು ಶಬ್ದ ಬರೆಯುವುದನ್ನು ಬಿಟ್ಟಿರುತ್ತಾರೆ. ಮೇಲಿಂದ ಕೆಳಗೆ ಬಿ, ಬಿ, ಬಿ, ಬಿ. ಮತ್ತೆ ಮೇಲಿಂದ ಎ, ಎ, ಎ, ಎ. ಹೀಗೆ ಕಂಬ ಕಂಬವಾಗಿ ಇಳಿಸುತ್ತಾರೆ. ಬೇಗ ಮುಗಿಯುತ್ತದೆ ಅಲ್ವಾ? ಶಿರಸಿ ಕಡೆಯ ಶಾಲೆಗಳಲ್ಲಿ ನಾನು ನೋಡಿದ ಕಾಪಿ ಪುಸ್ತಕಗಳಲ್ಲಿ ಈ ಕಂಬಗಳು ಎಷ್ಟು ನೇರ ಇರುತ್ತವೆ ಅಂದರೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಕೈ ಬರೆದಿದೆ, ತಲೆ ಕೆಲಸ ಮಾಡಿಲ್ಲ. ಕಣ್ಣೆದುರು ಇರುವುದನ್ನು ನೋಡಿ ಬರೆಯುವುದರಿಂದ ನೆನಪು ಗಟ್ಟಿಯಾಗುವುದಿಲ್ಲ. ಕಾಣದೇ ಇರುವುದನ್ನು ನೆನಪಿಸಿಕೊಂಡು ಬರೆದರೆ ಗಟ್ಟಿಯಾಗುತ್ತದೆ. ಅದಕ್ಕೇ ‘ನೋಡು, ಹೇಳು, ಮುಚ್ಚು, ಬರೆ, ಸರಿಯಾ ನೋಡು’ ಅನ್ನುವ ಹಳೆಯ ಪದ್ಧತಿ ಇವತ್ತಿಗೂ ನಡೆಯುತ್ತಿದೆ. ಹೀಗೆ ಎರಡು ಸಲ ಬರೆದರೆ ಕಾಪಿ ಮಾಡಿದ ಹತ್ತಕ್ಕಿಂತ ವಾಸಿ.

ಶುಕ್ರವಾರ ಒಂದೇ ರಾತ್ರಿ ಎಲ್ಲಾ ತುರುಕಿದರೆ ಶನಿವಾರಕ್ಕೆ ನೆನಪಿರುತ್ತದೆ, ಆಮೇಲೆ ಜಾರುತ್ತದೆ. ನೀವು ನೋಡಿದ್ದೂ ಅದನ್ನೇ. ಅದೇ ಹೊತ್ತನ್ನು ಸೋಮವಾರದಿಂದ ಹಂಚಿ. ದಿನಕ್ಕೆ ಹತ್ತು ನಿಮಿಷ ಸಾಕು, ಏಳು ವರ್ಷದ ಮಗುವಿಗೆ ಹದಿನೈದು ಜಾಸ್ತಿಯೇ ಆಯಿತು. ಹೋದ ವಾರದ ಎರಡು ಶಬ್ದ ಈ ವಾರವೂ ಮಧ್ಯೆ ಮಧ್ಯೆ ಬರುತ್ತಿರಲಿ.

ಈಗ ರೂಲ್ಸ್ ವಿಷಯ. ‘ಇಂಗ್ಲಿಷಿಗೆ ರೂಲೇ ಇಲ್ಲ, ಬಾಯಿಪಾಠ ಒಂದೇ ದಾರಿ’ ಅಂತ ನಮ್ಮಲ್ಲಿ ಒಂದು ಮಾತಿದೆ. ಅದು ಪೂರ್ತಿ ನಿಜವಲ್ಲ. 1966ರಲ್ಲಿ ಅಮೆರಿಕದ ಸಂಶೋಧಕರು 17,000ಕ್ಕೂ ಜಾಸ್ತಿ ಶಬ್ದಗಳನ್ನು ಬರೀ ಧ್ವನಿ-ಅಕ್ಷರದ ನಿಯಮಗಳಿಂದಲೇ ಕಂಪ್ಯೂಟರ್ ಮೂಲಕ ಬರೆಸಿ ನೋಡಿದರು. ಸುಮಾರು ಅರ್ಧದಷ್ಟು ಪೂರ್ತಿ ಸರಿ ಬಂದವು. ಉಳಿದವುಗಳಲ್ಲಿ ಬಹುಪಾಲು ಒಂದೇ ಒಂದು ಜಾಗದಲ್ಲಿ ತಪ್ಪಿದ್ದವು. ಅಂದರೆ ಬಾಯಿಪಾಠ ಬೇಕಾಗುವುದು ಎಲ್ಲದಕ್ಕೂ ಅಲ್ಲ. ಹೆಚ್ಚಿನ ಶಬ್ದಗಳಲ್ಲಿ ಒಂದೆರಡು ಅಕ್ಷರಕ್ಕೆ ಮಾತ್ರ.

ಇಲ್ಲಿಂದ ಮುಂದೆ ಅಕ್ಷರಗಳನ್ನು ಬಿಡಿಸಿ ಹೆಸರಿನಿಂದಲೇ ಬರೆದಿದ್ದೇನೆ. ಪಕ್ಕದಲ್ಲಿ ಮಗಳ ಪಾಟಿ ಇಟ್ಟುಕೊಂಡು, ಬರೆದು ನೋಡುತ್ತಾ ಓದಿ.

ಇಂಗ್ಲಿಷ್ ಸ್ಪೆಲ್ಲಿಂಗಿನ ಮುಖ್ಯ ನಿಯಮಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಸ್ವರ ಗಿಡ್ಡವೋ, ಉದ್ದವೋ? ಹ್ರಸ್ವ-ದೀರ್ಘ ಅಂತ ನಾವು ಒಂದನೇ ಕ್ಲಾಸಿನಲ್ಲೇ ಕಲಿತ ಸಂಗತಿ. ಇಂಗ್ಲಿಷ್ ಶಬ್ದದಲ್ಲಿ ಅದನ್ನು ಕಂಡುಹಿಡಿಯಲು ನಮ್ಮ ಮಕ್ಕಳ ಹತ್ತಿರ ಒಂದು ಒಳ್ಳೆಯ ಉಪಾಯ ಇದೆ. ಇಂಗ್ಲಿಷ್ ಶಬ್ದದ ಕೊನೆಗೆ ನಾವು ಹೇಗೂ ‘ಉ’ ಸೇರಿಸುತ್ತೇವಲ್ಲ, ಅದನ್ನೇ ಬಳಸಿಕೊಳ್ಳಿ. ಮಗಳ ಹತ್ತಿರ ಹೇಳಿಸಿ: ಬೆಲ್, ಬೆಲ್ಲು. ಮಿಲ್, ಮಿಲ್ಲು. ಡ್ರೆಸ್, ಡ್ರೆಸ್ಸು. ಟ್ರಕ್, ಟ್ರಕ್ಕು. ಟಬ್, ಟಬ್ಬು. ಎಲ್ಲದಕ್ಕೂ ಒತ್ತು ಬಂತು. ಈಗ ಇವನ್ನು ಹೇಳಿಸಿ: ರೈಲ್, ರೈಲು. ಕೇಕ್, ಕೇಕು. ಬೈಕ್, ಬೈಕು. ಟ್ಯೂಬ್, ಟ್ಯೂಬು. ಒತ್ತು ಇಲ್ಲ. ‘ಕೇಕ್ಕು’ ಅಂತ ಕನ್ನಡದ ಯಾವ ಮಗುವೂ ಹೇಳುವುದಿಲ್ಲ, ‘ಬೆಲು’ ಅಂತಲೂ ಹೇಳುವುದಿಲ್ಲ. ಒತ್ತು ಬಂದರೆ ಸ್ವರ ಗಿಡ್ಡ, ಬರದಿದ್ದರೆ ಉದ್ದ. ಯಾರೂ ಕಲಿಸದೆ ಅವಳಿಗೆ ಇದು ಗೊತ್ತು. ಅಜ್ಜಿಯ ಜೊತೆ ಕೊಂಕಣಿ ಚೆನ್ನಾಗಿಯೇ ಆಡಲಿ, ಈ ಪರೀಕ್ಷೆಯನ್ನು ಮಾತ್ರ ಕನ್ನಡದಲ್ಲೇ ಮಾಡಿ.

ಗಿಡ್ಡ ಅಂತ ಗೊತ್ತಾದರೆ ಏನು ಮಾಡಬೇಕು? ಸ್ವರಕ್ಕೆ ಒಂದೇ ಅಕ್ಷರ ಸಾಕು. ಸಣ್ಣ ಶಬ್ದದ ಕೊನೆಗೆ ಎಫ್, ಎಲ್, ಎಸ್ ಬಂದರೆ ಅದನ್ನು ಎರಡು ಸಲ ಬರೆಯಬೇಕು: ಬೆಲ್‌ಗೆ ಎರಡು ಎಲ್, ಡ್ರೆಸ್‌ಗೆ ಎರಡು ಎಸ್, ಅಂಗಿ ತೋಳಿನ ಕಫ್‌ಗೆ ಎರಡು ಎಫ್. ಕೊನೆಗೆ ‘ಕ್’ ಕೇಳಿಸಿದರೆ ಸಿ-ಕೆ: ಟ್ರಕ್, ಬ್ರಿಕ್, ನೆಕ್, ಡಕ್. ಬೇರೆ ಅಕ್ಷರಗಳು ಕೊನೆಯಲ್ಲಿ ಸಾಮಾನ್ಯವಾಗಿ ಒಂಟಿಯಾಗೇ ಇರುತ್ತವೆ. ನಾವು ಪೆನ್ನು, ಟಬ್ಬು, ಕಪ್ಪು ಅಂತ ಒತ್ತಿ ಹೇಳಿದರೂ ಬರೆಯುವಾಗ ಒಂದೇ ಎನ್, ಒಂದೇ ಬಿ, ಒಂದೇ ಪಿ.

ಉದ್ದ ಅಂತ ಗೊತ್ತಾದರೆ ಸ್ವರಕ್ಕೆ ಇನ್ನೊಂದು ಅಕ್ಷರದ ಸಹಾಯ ಬೇಕು. ಅದು ಪಕ್ಕದಲ್ಲೇ ಇರಬಹುದು: ರೈಲ್‌ಗೆ ಎ-ಐ, ಬೋಟ್‌ಗೆ ಒ-ಎ, ಸೀಟ್‌ಗೆ ಇ-ಎ. ಇಲ್ಲವೇ ಒಂದು ವ್ಯಂಜನ ದಾಟಿ ಕೊನೆಯಲ್ಲಿ ಸುಮ್ಮನೆ ಕೂತ ಇ ಇರಬಹುದು. ಗೇಟು, ಪ್ಲೇಟು, ಟೇಪು, ಫೋನು, ಕೋನು, ಪೈಪು, ಲೈನು, ಫೈಲು, ಬೈಕು, ಟ್ಯೂಬು, ಕೇಕು ಅಂತ ಒಂದೇ ಉಸಿರಿಗೆ ಹೇಳಿಸಿ, ಎಲ್ಲವನ್ನೂ ಬರೆದು ತೋರಿಸಿ. ಎಲ್ಲದರ ಕೊನೆಯಲ್ಲೂ ಇ ಇದೆ, ಒಂದರಲ್ಲೂ ಅದು ಕೇಳಿಸುವುದಿಲ್ಲ. ಕನ್ನಡದ ಮಗುವಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. ನಮ್ಮ ಕಾಗುಣಿತದಲ್ಲಿ ಏತ್ವವೋ ದೀರ್ಘವೋ ತಾನು ಸೇರಿದ ಅಕ್ಷರಕ್ಕೇ ಅಂಟಿಕೊಂಡಿರುತ್ತದೆ. ಅಷ್ಟು ದೂರ ಕೂತು, ತಾನು ಬಾಯಿ ಬಿಡದೆ ಇನ್ನೊಂದರ ಧ್ವನಿ ಬದಲಾಯಿಸುವುದಿಲ್ಲ. ನಿಮ್ಮ ಮಗಳು ಕೇಕ್‌ಗೆ ಸಿ-ಎ-ಕೆ ಬರೆದು ಬಿಟ್ಟಿದ್ದು ಇದೇ ಕಾರಣಕ್ಕೆ. ಪಾಟಿಯ ಮೇಲೆ ಟಿ-ಯು-ಬಿ ಬರೆದು ಓದಿಸಿ, ಟಬ್. ಕೊನೆಗೆ ಇ ಸೇರಿಸಿ ಓದಿಸಿ, ಟ್ಯೂಬ್. ಇ ಅಳಿಸಿ, ಮತ್ತೆ ಬರೆಯಿರಿ. ಪಿನ್ ಪೈನ್ ಆಗುತ್ತದೆ, ಕಿಟ್ ಕೈಟ್ ಆಗುತ್ತದೆ, ಕ್ಯಾಪ್ ಕೇಪ್ ಆಗುತ್ತದೆ. ಅಳಿಸುವ ಕೆಲಸ ಅವಳಿಗೇ ಕೊಡಿ, ಮಕ್ಕಳಿಗೆ ಅದರಲ್ಲೇ ಮಜಾ.

ಇನ್ನು ತೊಡಕಿನ ಜಾಗ. ನಮ್ಮ ‘ಉ’ ಪರೀಕ್ಷೆ ಎರಡು ಸ್ವರಗಳಲ್ಲಿ ಕೈ ಕೊಡುತ್ತದೆ. ಬ್ಯಾಗ್ ಅನ್ನುವಾಗಿನ ‘ಆ್ಯ’ ಮತ್ತು ಲಾಕ್ ಅನ್ನುವಾಗಿನ ‘ಆ’ ಇಂಗ್ಲಿಷಿನವರ ಲೆಕ್ಕದಲ್ಲಿ ಗಿಡ್ಡ ಸ್ವರಗಳು. ನಾವು ಅವನ್ನು ಎಳೆದು ಹೇಳುತ್ತೇವೆ, ಬರೆಯುವಾಗಲೂ ದೀರ್ಘ ಕೊಡುತ್ತೇವೆ. ಹಾಗಾಗಿ ಬ್ಯಾಗು, ಲಾಕು, ಪ್ಯಾಕು, ಗ್ಲಾಸು, ಕ್ಲಾಸು ಅನ್ನುವಾಗ ಒತ್ತು ಬರುವುದೇ ಇಲ್ಲ. ಆದರೆ ಬರೆಯುವಾಗ ಗಿಡ್ಡದ ನಿಯಮವೇ: ಲಾಕ್, ಪ್ಯಾಕ್, ಬ್ಯಾಕ್‌ಗೆ ಸಿ-ಕೆ, ಗ್ಲಾಸ್, ಕ್ಲಾಸ್‌ಗೆ ಎರಡು ಎಸ್. ಬ್ಯಾಕ್‌ನಲ್ಲಿ ನಿಮ್ಮ ಮಗಳು ಎಡವಿದ್ದು ಇಲ್ಲೇ. ಇದಕ್ಕೆ ಅಡ್ಡದಾರಿ ಇಲ್ಲ. ಬ್ಯಾಗ್, ಪೆನ್, ಪಿನ್, ಪಾಟ್, ಕಪ್ ಎಂಬ ಐದು ಚಿತ್ರ ಬರೆದು ಗೋಡೆಗೆ ಅಂಟಿಸಿ. ಇವು ಐದು ಗಿಡ್ಡ ಸ್ವರಗಳು. ಹೊಸ ಶಬ್ದ ಬಂದಾಗ ಅದರ ಸ್ವರ ಯಾವ ಚಿತ್ರದ ಜೊತೆ ಹೋಗುತ್ತದೆ ಅಂತ ಕೇಳಿ. ಬ್ಯಾಕ್ ಬ್ಯಾಗಿನ ಜೊತೆ ಹೋಗುತ್ತದೆ. ಅಲ್ಲಿಗೆ ಸಿ-ಕೆ ಸಿಕ್ಕಿತು.

ಅಪವಾದಗಳೂ ಇವೆ. ಬಸ್ಸು ಅನ್ನುತ್ತೇವೆ, ಬರೆಯುವುದು ಒಂದೇ ಎಸ್, ಯಾಕೆಂದರೆ ಅದು ಆಮ್ನಿಬಸ್ ಅನ್ನುವ ಉದ್ದ ಶಬ್ದದ ಬಾಲ. ಬುಕ್ಕು ಅನ್ನುತ್ತೇವೆ, ಆದರೆ ಅಲ್ಲಿ ಎರಡು ಒ ಇರುವುದರಿಂದ ಸಿ-ಕೆ ಇಲ್ಲ, ಬರೀ ಕೆ. ಬಾಲ್, ಹಾಲ್, ವಾಲ್‌ಗಳಿಗೆ ಎರಡು ಎಲ್. ಇವನ್ನು ಒಂದು ಮನೆತನ ಅಂತ ಒಟ್ಟಿಗೇ ಕಲಿಸಿ. ಪಿಕ್ನಿಕ್, ಪ್ಲಾಸ್ಟಿಕ್, ಮ್ಯೂಸಿಕ್‌ನಂಥ ಉದ್ದ ಶಬ್ದಗಳು ಬರೀ ಸಿಯಲ್ಲಿ ಮುಗಿಯುತ್ತವೆ. ಆದರೆ ಮೊದಲ ದಿನವೇ ಅಪವಾದದ ಪಟ್ಟಿ ಹಿಡಿದು ಕೂರಬೇಡಿ. ನಿಯಮ ಕೈಗೆ ಹತ್ತಿದ ಮಗು ‘ಅಮ್ಮಾ, ಬಸ್‌ಗೆ ಯಾಕೆ ಒಂದೇ ಎಸ್?’ ಅಂತ ತಾನೇ ಕೇಳುತ್ತದೆ. ಆಗ ಹೇಳಿದರೆ ಸಾಕು.

ರನ್ನಿಂಗ್‌ನ ಎರಡು ಎನ್ ಕೂಡ ಇದೇ ಕಥೆ. ಸ್ವರ ಗಿಡ್ಡ, ಅದಕ್ಕೆ ಒಂದೇ ಅಕ್ಷರ, ಕೊನೆಗೆ ಒಂದೇ ವ್ಯಂಜನ ಇದ್ದರೆ, ಐ-ಎನ್-ಜಿ ಸೇರಿಸುವ ಮೊದಲು ಆ ವ್ಯಂಜನವನ್ನು ಇಮ್ಮಡಿ ಮಾಡಬೇಕು. ರನ್ನಿಂಗ್ ರೇಸ್, ಸ್ವಿಮ್ಮಿಂಗ್, ಕಟ್ಟಿಂಗ್ ಶಾಪ್ ಅಂತ ನಾವು ಒತ್ತು ಹಾಕಿಯೇ ಹೇಳುತ್ತೇವೆ. ಕೇಳಿದ ಹಾಗೆ ಬರೆದರೆ ಮುಗಿಯಿತು. ಬ್ಯಾಟಿಂಗ್, ಶಾಪಿಂಗ್ ಮಾತ್ರ ಮೇಲೆ ಹೇಳಿದ ತೊಡಕಿನ ಗುಂಪು: ಕೇಳುವುದು ಒಂದು, ಬರೆಯುವುದು ಎರಡು ಟಿ, ಎರಡು ಪಿ. ಬೋಟಿಂಗ್‌ನಲ್ಲಿ ಸ್ವರ ಉದ್ದ, ಹಾಗಾಗಿ ಒಂದೇ ಟಿ. ಶಬ್ದದ ಕೊನೆಗೆ ಸುಮ್ಮನೆ ಕೂತ ಇ ಇದ್ದರೆ, ಐ-ಎನ್-ಜಿ ಬಂದ ಕೂಡಲೇ ಅದು ಜಾಗ ಬಿಡುತ್ತದೆ: ಡ್ರೈವ್, ಡ್ರೈವಿಂಗ್.

ಈ ಪಾಠಕ್ಕೆ ಒಳ್ಳೆಯ ಜಾಗ ಹೆದ್ದಾರಿ. ಕುಮಟಾದಿಂದ ಅಂಕೋಲಾ ಮೇಲೆ ಕಾರವಾರಕ್ಕೆ ಹೋಗುವಾಗ ಕಿಟಕಿ ಪಕ್ಕ ಕೂರಿಸಿ, ಐ-ಎನ್-ಜಿ ಇರುವ ಬೋರ್ಡುಗಳನ್ನು ಹುಡುಕಲಿ. ಪಾರ್ಕಿಂಗ್, ಬೋಟಿಂಗ್, ಲಾಡ್ಜಿಂಗ್ ಸಾಲಾಗಿ ಸಿಗುತ್ತವೆ. ಹೋಟೆಲ್ ಬೋರ್ಡುಗಳಲ್ಲಿ ಡೈನಿಂಗ್‌ಗೆ ಎರಡು ಎನ್ ಹಾಕಿದ್ದೂ ಎಲ್ಲೋ ಒಂದು ಕಡೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಿಯಮದ ಪ್ರಕಾರ ಓದಿದರೆ ಅದು ‘ಡಿನ್ನಿಂಗ್’ ಆಗುತ್ತದೆ, ಅಂದರೆ ಗದ್ದಲ ಎಬ್ಬಿಸುವ ಕೆಲಸ. ದೊಡ್ಡವರ ತಪ್ಪನ್ನು ತಾನು ಕಂಡುಹಿಡಿದೆ ಅನ್ನುವ ಖುಷಿಗೆ ಮಗು ಆ ನಿಯಮವನ್ನು ಮರೆಯುವುದೇ ಇಲ್ಲ. ಊರ ಹೆಸರುಗಳನ್ನು ಮಾತ್ರ ಈ ಆಟದಿಂದ ಹೊರಗಿಡಿ. ಕಾರವಾರದ ‘ವಾ’ಗೆ ಡಬ್ಲ್ಯೂ, ಹೊನ್ನಾವರದ ‘ವ’ಗೆ ವಿ. ಎರಡೂ ನಮ್ಮ ಬಾಯಲ್ಲಿ ಒಂದೇ. ಅವು ಕನ್ನಡದ ಹೆಸರುಗಳು, ಇಂಗ್ಲಿಷ್ ನಿಯಮಕ್ಕೆ ಸಿಗುವುದಿಲ್ಲ.

ವಿ-ಡಬ್ಲ್ಯೂ ಗೊಂದಲ ಇಂಗ್ಲಿಷ್ ಶಬ್ದಗಳಲ್ಲೂ ಇದೆ, ವೆಟ್ ಅಂದರೆ ಒದ್ದೆಯೋ ಪಶುವೈದ್ಯರೋ, ವೆಸ್ಟ್ ಅಂದರೆ ಪಶ್ಚಿಮವೋ ಬನಿಯನ್ನೋ ಅಂತ. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯೂಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಇಬ್ಬರೂ ಮಾಡಿ. ಇನ್ನೊಂದು ಗಟ್ಟಿ ನಿಯಮ: ಇಂಗ್ಲಿಷ್ ಶಬ್ದ ವಿಯಲ್ಲಿ ನಿಲ್ಲುವುದಿಲ್ಲ, ಹಿಂದೆ ಇ ಬೇಕೇ ಬೇಕು. ಗಿವ್, ಹ್ಯಾವ್, ಲವ್, ಫೈವ್ ಎಲ್ಲಕ್ಕೂ. ಅದೇ ಥರ, ಕೊನೆಯ ಇ ಇಲ್ಲದ ಶಬ್ದದಲ್ಲಿ ‘ಏ’ ಧ್ವನಿ ನಡುವೆ ಬಂದರೆ ಎ-ಐ, ಕೊನೆಯಲ್ಲಿ ಬಂದರೆ ಎ-ವೈ: ರೇನ್, ಡೇ. ‘ಐ ಮೊದಲೋ ಇ ಮೊದಲೋ’ ಅನ್ನುವ ಹಾಡಿನಂಥ ನಿಯಮ ಬೇಡವೇ ಬೇಡ. ಅದಕ್ಕೆ ಅಪವಾದ ಜಾಸ್ತಿ, ಎರಡನೇ ಕ್ಲಾಸಿಗೆ ಅದರ ಶಬ್ದಗಳು ಹೆಚ್ಚು ಬರುವುದೂ ಇಲ್ಲ.

ಇಷ್ಟನ್ನೂ ಒಂದೇ ತಿಂಗಳಲ್ಲಿ ಮುಗಿಸಲು ಹೊರಟರೆ ಗೊಂದಲವಾಗುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಂದು ನಿಯಮ ಸಾಕು. ಮೊದಲು ಐದು ಗಿಡ್ಡ ಸ್ವರಗಳ ಮೂರಕ್ಷರದ ಶಬ್ದಗಳು, ಆಮೇಲೆ ಎರಡು ಎಲ್, ಎರಡು ಎಸ್, ಸಿ-ಕೆ. ಅದಾದ ಮೇಲೆ ಕೊನೆಯ ಇ. ಐ-ಎನ್-ಜಿ ಕೊನೆಗೆ ಬರಲಿ. ಶಾಲೆ ಕೊಟ್ಟ ಹತ್ತು ಶಬ್ದಗಳನ್ನೂ ಹೀಗೇ ಗುಂಪು ಮಾಡಿ. ಪಾಟಿಯಲ್ಲಿ ನಡುವೆ ಗೆರೆ ಎಳೆದು, ಒತ್ತು ಬರುವವು ಈ ಕಡೆ, ಬಾರದವು ಆ ಕಡೆ. ಸೋಮವಾರ ಇಷ್ಟೇ, ಬರವಣಿಗೆ ಬೇಡ. ನಿಮ್ಮಲ್ಲಿ ಜೂನ್ ಜುಲೈನಲ್ಲಿ ಸಂಜೆ ಕರೆಂಟ್ ಹೋಗುವುದು ಮಾಮೂಲು, ಆ ಹೊತ್ತಿಗೆ ಇದು ಬಾಯಲ್ಲೇ ಆಡುವ ಆಟವೂ ಆಗುತ್ತದೆ.

ಉದ್ದ ಶಬ್ದ ಬಂದಾಗ ಧ್ವನಿ ಎಣಿಸುವ ಅಭ್ಯಾಸ ಬೇಕು. ಒಂದು ಹಿಡಿ ಹುಣಸೆ ಬೀಜ ಕೊಡಿ. ಒಂದು ಧ್ವನಿಗೆ ಒಂದು ಬೀಜ ಮುಂದೆ ತಳ್ಳಲಿ. ಫಿಶ್‌ಗೆ ಫ್, ಇ, ಶ್ ಅಂತ ಮೂರು ಬೀಜ, ಆದರೆ ಅಕ್ಷರ ನಾಲ್ಕು, ಏಕೆಂದರೆ ‘ಶ್’ಗೆ ಎಸ್-ಎಚ್ ಎರಡು ಬೇಕು. ಬಾಕ್ಸ್‌ಗೆ ಬೀಜ ನಾಲ್ಕು, ಅಕ್ಷರ ಮೂರೇ. ಇಲ್ಲಿ ನಮ್ಮ ಮಕ್ಕಳು ಒಂದು ಬಗೆಯ ತಪ್ಪು ಜಾಸ್ತಿ ಮಾಡುತ್ತಾರೆ. ಕನ್ನಡದಲ್ಲಿ ‘ಬ’ ಬರೆದರೆ ಅದರೊಳಗೇ ‘ಅ’ ಇರುತ್ತದೆ, ಹಾಗಾಗಿ ಇಂಗ್ಲಿಷಿನಲ್ಲೂ ಬಿ ಬರೆದು ಸ್ವರವನ್ನು ಬಿಟ್ಟುಬಿಡುತ್ತಾರೆ. ಅದಕ್ಕೆ ಔಷಧ ನಮ್ಮ ಅರ್ಧಾಕ್ಷರ. ಬಿ ಅಂದರೆ ‘ಬ’ ಅಲ್ಲ, ‘ಬ್’. ಸ್ವರ ಬೇಕಾದರೆ ಬೇರೆ ಬೀಜ ಇಡು.

ನಿಯಮಕ್ಕೆ ಬಗ್ಗದ ಶಬ್ದಗಳು ಉಳಿಯುತ್ತವೆ: ಸೆಡ್, ವಾಸ್, ದೇ, ಒನ್, ಟೂ, ಹೂ, ಕಮ್. ಪದೇಪದೇ ಬರುವ ಇವನ್ನು ವಾರಕ್ಕೆ ಎರಡರಂತೆ ಬಾಯಿಪಾಠ ಮಾಡಿಸಲೇಬೇಕು. ಆದರೂ ಪೂರ್ತಿ ಶಬ್ದ ಹಠಮಾರಿ ಅಲ್ಲ ಅಂತ ತೋರಿಸಿ. ಸೆಡ್‌ನಲ್ಲಿ ಮೊದಲ ಎಸ್ ಸರಿ, ಕೊನೆಯ ಡಿ ಸರಿ. ನಡುವಿನ ಎ-ಐ ಮಾತ್ರ ತಕರಾರು. ಅದಕ್ಕೆ ಮಾತ್ರ ಕೆಂಪು ಬಣ್ಣದಲ್ಲಿ ಗೋಲ ಹಾಕಲಿ. ವೆಡ್ನೆಸ್‌ಡೇ, ಫ್ರೈಎಂಡ್ ಅಂತ ಬರೆದಿದ್ದನ್ನು ಬರೆದ ಹಾಗೇ ಒದರುವ ‘ಸ್ಪೆಲ್ಲಿಂಗ್ ದನಿ’ ಕೂಡ ನಡೆಯುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನೀ (ಮೊಣಕಾಲು), ನೈಫ್‌ಗಳ ಮೊದಲ ಕೆ ಯಾಕೆ ಅಂತ ಕೇಳಿದರೆ, ಮೊದಲು ಅದನ್ನು ಹೇಳುತ್ತಿದ್ದರು ಅನ್ನಿ. ಇಂಗ್ಲೆಂಡಿಗೆ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಅಚ್ಚಿನ ಯಂತ್ರ ತಂದ ಮೇಲೆ ಬರಹ ನಿಧಾನಕ್ಕೆ ಗಟ್ಟಿಯಾಯಿತು, ಮಾತು ಮಾತ್ರ ಬದಲಾಗುತ್ತಲೇ ಹೋಯಿತು.

ಉಚ್ಚಾರದ ಬಗ್ಗೆ ನಿಮಗೆ ಅಳುಕು ಬೇಡ. ಸ್ಪೆಲ್ಲಿಂಗಿನ ಮಟ್ಟಿಗೆ ನಮ್ಮ ಉಚ್ಚಾರ ಲಾಭವೇ. ಡಾಕ್ಟರ್, ವಾಟರ್, ಕಾರ್ ಅನ್ನುವಾಗ ನಾವು ಕೊನೆಯ ಆರ್ ಅನ್ನು ಗಟ್ಟಿಯಾಗಿ ಹೇಳುತ್ತೇವೆ. ಲಂಡನ್ನಿನ ಮಗುವಿಗೆ ಅದು ಕೇಳಿಸುವುದಿಲ್ಲ, ಪಾಪ, ಅದು ನೆನಪಿಟ್ಟು ಬರೆಯಬೇಕು. ಎಗ್ಗಿಗೆ ‘ಯೆಗ್ಗು’, ಸ್ಕೂಲಿಗೆ ‘ಇಸ್ಕೂಲು’ ಅನ್ನುವ ರೂಢಿ ಮನೆಯಲ್ಲಿದ್ದರೆ ಅಷ್ಟನ್ನು ತಿದ್ದಿಕೊಳ್ಳಿ, ಏಕೆಂದರೆ ಮಗು ಅದನ್ನು ಕೇಳಿದ ಹಾಗೇ ಬರೆಯುತ್ತದೆ. ಇಂಗ್ಲಿಷ್ ಸುಧಾರಿಸಲಿ ಅಂತ ಮನೆಮಾತನ್ನು ಮಾತ್ರ ಬಿಡಬೇಡಿ.

ತಪ್ಪಾದಾಗ ಪೂರ್ತಿ ಶಬ್ದಕ್ಕೆ ಕಾಟು ಹಾಕಬೇಡಿ. ಬಿ-ಎ-ಕೆ ಬರೆದರೆ ‘ಮೂರರಲ್ಲಿ ಮೂರೂ ಧ್ವನಿ ಸರಿ. ಕೊನೆಯ ಕ್‌ಗೆ ಇನ್ನೊಂದು ಅಕ್ಷರ ಯಾಕೆ ಬೇಕು, ಹೇಳು ನೋಡೋಣ’ ಅನ್ನಿ. ಕಾರಣ ಅವಳ ಬಾಯಿಂದಲೇ ಬರಲಿ.

ನಿಮ್ಮ ಮಗಳ ವಿಷಯದಲ್ಲಿ ನನಗೆ ಆತಂಕ ಕಾಣಿಸುತ್ತಿಲ್ಲ. ಆದರೆ ಇದನ್ನು ಓದುವ ಬೇರೆ ತಂದೆತಾಯಿಯರಿಗೆ ಒಂದು ಮಾತು. ಎಂಟು ಒಂಬತ್ತು ವರ್ಷವಾದರೂ ಶಬ್ದವನ್ನು ಧ್ವನಿಗಳಾಗಿ ಬಿಡಿಸಲು ಆಗದಿದ್ದರೆ, ಕನ್ನಡ ಓದುವುದರಲ್ಲೂ ಅದೇ ಕಷ್ಟವಿದ್ದರೆ, ಸೋಮಾರಿ ಅಂತ ಬೈಯಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಇದೆಯಾ ಅಂತ ನೋಡಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯವಸ್ಥೆ ಇದೆ. ಕರಾವಳಿಯಿಂದ ದೂರವೇ ಆಯಿತು, ಆದರೂ ಒಮ್ಮೆ ಹೋಗಿ ಬಂದರೆ ದಾರಿ ಸ್ಪಷ್ಟವಾಗುತ್ತದೆ.

ಇನ್ನು ಕಲರ್ ವಿಷಯ. ಎರಡೂ ಸರಿ. ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ ಎಂಬಾತ 1828ರ ತನ್ನ ನಿಘಂಟಿನಲ್ಲಿ ಇಂಥ ಶಬ್ದಗಳ ಯು ತೆಗೆದ. ಅಲ್ಲಿನವರು ಅದನ್ನೇ ಹಿಡಿದರು, ಬ್ರಿಟನ್ನಿನವರು ಯು ಉಳಿಸಿಕೊಂಡರು. ನಮ್ಮ ಶಾಲೆಗಳು ನಡೆಯುವುದು ಬ್ರಿಟಿಷ್ ದಾರಿಯಲ್ಲಿ. ಆದ್ದರಿಂದ ಕಲರ್, ಫೇವರಿಟ್, ನೇಬರ್ ಎಲ್ಲದಕ್ಕೂ ಯು ಹಾಕಿಸಿ, ಡಿಕ್ಟೇಶನ್‌ನಲ್ಲಿ ಅದಕ್ಕೇ ಮಾರ್ಕು. ಫೋನಿನ ಕೀಬೋರ್ಡ್ ಅಮೆರಿಕನ್ ಇಂಗ್ಲಿಷಿಗೆ ಸೆಟ್ ಆಗಿದ್ದರೆ ಯು ಹಾಕಿದ್ದಕ್ಕೆ ಕೆಂಪು ಗೆರೆ ತೋರಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಯನ್ನು ಇಂಗ್ಲಿಷ್ ಇಂಡಿಯಾ ಅಂತ ಬದಲಾಯಿಸಿಬಿಡಿ.